ಮನೆಯ ವೈ-ಫೈಗೆ ಲ್ಯಾಪ್‌ಟಾಪ್ ಜೋಡಿಸುವುದು: ಬೀಗ ತೆಗೆಯದೆಯೇ ಕನೆಕ್ಟ್ ಆಗುವ ದಾರಿ

ತುಮಕೂರಿನ ಬಡಾವಣೆಗಳಲ್ಲಿ ಈಗ ಎಲ್ಲಿ ನೋಡಿದರೂ ಕಂಬದಿಂದ ಮನೆಗೆ ಒಂದು ಸಣ್ಣ ಕಪ್ಪು ಕೇಬಲ್ ಇಳಿದಿರುತ್ತೆ. ಬೆಳಿಗ್ಗೆ ಬೆಂಗಳೂರು ಟ್ರೈನ್ ಹಿಡಿಯುತ್ತಿದ್ದವರಲ್ಲಿ ಎಷ್ಟೋ ಜನ ವಾರದಲ್ಲಿ ಕೆಲವು ದಿನ ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಾರೆ. ಮಕ್ಕಳ ಪ್ರಾಜೆಕ್ಟು, ಬ್ಯಾಂಕ್ ವ್ಯವಹಾರ, ಟಿವಿ ಎಲ್ಲವೂ ಅದೇ ವೈ-ಫೈ ಮೇಲೆ.

ಇಂಥ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದು, ಅದು ಕನೆಕ್ಟ್ ಆಗದೆ ಸತಾಯಿಸಿದಾಗ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ: "ಪಾಸ್‌ವರ್ಡ್ ತೆಗೆದುಬಿಡಿ ಸಾರ್, ಓಪನ್ ಇಟ್ಟರೆ ತಾನಾಗೇ ಹತ್ತುತ್ತೆ." ದಯವಿಟ್ಟು ಹಾಗೆ ಮಾಡಬೇಡಿ. 2008ರ ಜುಲೈನಲ್ಲಿ ಅಹಮದಾಬಾದ್ ಬಾಂಬ್ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಒಂದು ಬೆದರಿಕೆ ಇಮೇಲ್ ಬಂತು. ಅದು ಹೋಗಿದ್ದು ನವಿ ಮುಂಬೈನ ಒಂದು ಮನೆಯ ವೈ-ಫೈ ಮೂಲಕ. ಯಾರೋ ಹೊರಗಿನವರು ಆ ಮನೆಯವರಿಗೆ ಗೊತ್ತಿಲ್ಲದೆ ಅದನ್ನು ಬಳಸಿದ್ದರು. ಪೊಲೀಸರು ಮೊದಲು ಬಂದು ನಿಂತದ್ದು ಮಾತ್ರ ಆ ಮನೆ ಬಾಗಿಲಿಗೆ. ನಿಮ್ಮ ವೈ-ಫೈಯಿಂದ ಏನೇ ಹೊರಗೆ ಹೋದರೂ ಅದರ ಮೇಲೆ ಇರುವುದು ನಿಮ್ಮ ಮನೆ ಕನೆಕ್ಷನ್ನಿನ ಗುರುತು.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಕನೆಕ್ಟ್ ಆಗದಿರುವುದಕ್ಕೆ ಪಾಸ್‌ವರ್ಡ್ ಇರುವುದೇ ಕಾರಣ ಅನ್ನುವುದು ತೀರಾ ಅಪರೂಪ. ತೊಂದರೆ ಎಲ್ಲಿದೆ ಅಂತ ಹುಡುಕಿದರೆ ಬೀಗಕ್ಕೆ ಕೈ ಹಾಕುವ ಅಗತ್ಯವೇ ಬರುವುದಿಲ್ಲ. ಆ ಹುಡುಕುವ ಕ್ರಮವನ್ನೇ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಕನೆಕ್ಟ್ ಆಗುವಾಗ ಒಳಗೆ ಏನಾಗುತ್ತೆ

ಇದನ್ನು ಒಂದು ಸಲ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಲ್ಯಾಪ್‌ಟಾಪ್ ಇಂಟರ್ನೆಟ್ ತಲುಪುವುದು ನಾಲ್ಕು ಹಂತದಲ್ಲಿ.

1. ರೂಟರ್, ಅಂದರೆ ಮನೆಯಲ್ಲಿ ವೈ-ಫೈ ಕೊಡುವ ಪೆಟ್ಟಿಗೆ, ತನ್ನ ವೈ-ಫೈ ಹೆಸರನ್ನು ಗಾಳಿಯಲ್ಲಿ ಹೇಳುತ್ತಲೇ ಇರುತ್ತೆ. ಲ್ಯಾಪ್‌ಟಾಪ್ ಅದನ್ನು ಕೇಳಿಸಿಕೊಂಡು ಪಟ್ಟಿಯಲ್ಲಿ ತೋರಿಸುತ್ತೆ.
2. ನೀವು ಪಾಸ್‌ವರ್ಡ್ ಕೊಡುತ್ತೀರಿ. ಎರಡೂ ಕಡೆ ಒಂದೇ ಪಾಸ್‌ವರ್ಡ್ ಇದೆ ಅಂತ ಖಾತ್ರಿಯಾಗುತ್ತೆ.
3. ರೂಟರ್ ಲ್ಯಾಪ್‌ಟಾಪ್‌ಗೆ ಒಂದು ಐಪಿ ಅಡ್ರೆಸ್ ಕೊಡುತ್ತೆ. ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ನಂಬರ್ ಇದು.
4. ರೂಟರ್‌ನಿಂದ ಆಚೆಗೆ, ಕಂಬದಿಂದ ಇಳಿದ ಫೈಬರ್ ಕೇಬಲ್ ಮೂಲಕ, ಹೊರಗಿನ ಇಂಟರ್ನೆಟ್ ಸಿಗುತ್ತೆ.

ಎರಡನೆಯ ಹಂತದಲ್ಲಿ ಒಂದು ಸೊಗಸು ಇದೆ. ನಿಮ್ಮ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ಪಾಸ್‌ವರ್ಡ್ ಮತ್ತು ವೈ-ಫೈ ಹೆಸರು ಎರಡನ್ನೂ ಸೇರಿಸಿ, ಒಂದು ಲೆಕ್ಕವನ್ನು 4,096 ಸಲ ಸುತ್ತಿಸಿ, ಲ್ಯಾಪ್‌ಟಾಪ್ ಒಂದು ದೊಡ್ಡ ಕೀ ತಯಾರಿಸಿಕೊಳ್ಳುತ್ತೆ. ರೂಟರ್ ಬಳಿಯೂ ಅದೇ ಕೀ ಇರುತ್ತೆ. ನಾಲ್ಕು ಸಣ್ಣ ಸಂದೇಶಗಳಲ್ಲಿ "ನನ್ನ ಹತ್ತಿರ ಸರಿಯಾದ ಕೀ ಇದೆ" ಅಂತ ಎರಡೂ ಪರಸ್ಪರ ತೋರಿಸಿಕೊಂಡು, ಆ ಹೊತ್ತಿಗೆ ಮಾತ್ರ ಬಳಸುವ ಹೊಸ ಕೀಯೊಂದನ್ನು ಮಾಡಿಕೊಳ್ಳುತ್ತವೆ. ಆಮೇಲಿನ ಮಾತುಕತೆಯೆಲ್ಲ ಆ ಹೊಸ ಕೀಯಿಂದ ಎನ್‌ಕ್ರಿಪ್ಟ್ ಆಗುತ್ತೆ, ಅಂದರೆ ಬೇರೆಯವರಿಗೆ ಓದಲಾಗದ ಗುಪ್ತ ರೂಪಕ್ಕೆ ಬದಲಾಗುತ್ತೆ. ಇದು ಡಬ್ಲ್ಯುಪಿಎ2 ಅನ್ನುವ ವೈ-ಫೈ ಬೀಗ ಕೆಲಸ ಮಾಡುವ ರೀತಿ. ನಮ್ಮ ಬಹುತೇಕ ಮನೆಗಳಲ್ಲಿ ಇರುವುದು ಇದೇ.

ಈ ರಕ್ಷಣೆ ಲ್ಯಾಪ್‌ಟಾಪ್‌ನಿಂದ ರೂಟರ್‌ವರೆಗೆ ಮಾತ್ರ. ಅಲ್ಲಿಂದಾಚೆ ಕಾಯುವುದು ಬ್ರೌಸರ್‌ನ ಎಚ್‌ಟಿಟಿಪಿಎಸ್, ಅಂದರೆ ಬ್ರೌಸರ್‌ಗೂ ವೆಬ್‌ಸೈಟ್‌ಗೂ ನಡುವಿನ ಇನ್ನೊಂದು ಬೀಗ. ಎರಡೂ ಬೇಕು.

ಮೊದಲು ರೂಟರ್ ಕಡೆ ನೋಡಿ

ಲ್ಯಾಪ್‌ಟಾಪ್ ಮುಟ್ಟುವ ಮೊದಲು ರೂಟರ್ ಸೆಟ್ಟಿಂಗ್ ಒಂದು ಸಲ ನೋಡಿ. ಇನ್‌ಸ್ಟಾಲ್ ಮಾಡಲು ಬಂದ ಹುಡುಗ ಅವಸರದಲ್ಲಿ ಏನು ಇಟ್ಟು ಹೋಗಿರುತ್ತಾನೋ, ಅದೇ ವರ್ಷಗಟ್ಟಲೆ ಹಾಗೇ ಇರುತ್ತೆ.

ರೂಟರ್ ತಿರುಗಿಸಿ, ತಳದಲ್ಲಿ ಅಂಟಿಸಿದ ಸ್ಟಿಕ್ಕರ್ ನೋಡಿ. ವೈ-ಫೈ ಹೆಸರು, ಮೂಲ ಪಾಸ್‌ವರ್ಡ್, ರೂಟರ್ ಪುಟದ ವಿಳಾಸ, ಅದರ ಯೂಸರ್ ನೇಮ್ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ವಿಳಾಸ ಹೆಚ್ಚಾಗಿ 192.168.1.1 ಅಥವಾ 192.168.0.1. ಆ ಸ್ಟಿಕ್ಕರ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎಷ್ಟು ಸಲ ಉಪಯೋಗಕ್ಕೆ ಬರುತ್ತೋ ಹೇಳಲಾಗದು.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ) ಇದ್ದರೆ ಕೇಬಲ್ ಹಾಕಿ ರೂಟರ್‌ಗೆ ಜೋಡಿಸಿ. ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದು ಲಾಗಿನ್ ಆಗಿ. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಪೋರ್ಟ್ ಇರುವುದು ಕಮ್ಮಿ. ಆಗ ಈಗಾಗಲೇ ಕನೆಕ್ಟ್ ಆಗಿರುವ ಫೋನ್‌ನಲ್ಲೇ ಆ ಪುಟ ತೆರೆಯಬಹುದು. ವೈ-ಫೈ ಮೇಲೆ ಕೂತು ವೈ-ಫೈ ಸೆಟ್ಟಿಂಗ್ ಬದಲಿಸಿದರೆ, ಸೇವ್ ಒತ್ತಿದ ಕೂಡಲೇ ಕನೆಕ್ಷನ್ ಕಟ್ಟಾಗುತ್ತೆ. ಗಾಬರಿ ಬೇಡ. ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಕೊಂಡರೆ ಆಯಿತು.

ಒಳಗೆ ವೈರ್‌ಲೆಸ್ ಅಥವಾ ಡಬ್ಲ್ಯುಲ್ಯಾನ್ ಅನ್ನುವ ಭಾಗಕ್ಕೆ ಹೋಗಿ, ಸೆಕ್ಯುರಿಟಿ ಅನ್ನುವ ಜಾಗ ಹುಡುಕಿ. ಅಲ್ಲಿ ಕಾಣುವ ಆಯ್ಕೆಗಳ ಕಥೆ ಹೀಗಿದೆ.

ಡಬ್ಲ್ಯುಇಪಿ ಅಂತ ಇದ್ದರೆ ಈಗಲೇ ಬದಲಿಸಿ. 1997ರಲ್ಲಿ ಬಂದ ಈ ವಿಧಾನದ ಲೋಪ 2001ರಲ್ಲೇ ಬಯಲಾಯಿತು. ಈಗ ಇದನ್ನು ಕೆಲವು ನಿಮಿಷಗಳಲ್ಲಿ ಒಡೆಯಬಹುದು. 2003ರ ಡಬ್ಲ್ಯುಪಿಎ ತಾತ್ಕಾಲಿಕ ವ್ಯವಸ್ಥೆಯಾಗಿತ್ತು, ಅದೂ ಬೇಡ. 2004ರಲ್ಲಿ ಡಬ್ಲ್ಯುಪಿಎ2 ಬಂತು. 2006ರ ಮಾರ್ಚ್‌ನಿಂದ ವೈ-ಫೈ ಮುದ್ರೆ ಪಡೆಯುವ ಹೊಸ ಸಾಧನಗಳಿಗೆ ಇದು ಕಡ್ಡಾಯವಾಯಿತು. ಹಾಗಾಗಿ ನಿಮ್ಮ ಹಳೇ ಲ್ಯಾಪ್‌ಟಾಪ್ ಕೂಡ ಇದನ್ನು ಒಪ್ಪುತ್ತೆ ಅಂತ ಧೈರ್ಯವಾಗಿ ಇರಬಹುದು. 2018ರಲ್ಲಿ ಬಂದದ್ದು ಡಬ್ಲ್ಯುಪಿಎ3.

ಮನೆಯ ಸಾಧನಗಳೆಲ್ಲ ಹೊಸವಾದರೆ ಡಬ್ಲ್ಯುಪಿಎ3 ಇಡಿ. ಹಳೆಯದು ಹೊಸದು ಎರಡೂ ಇದ್ದರೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಅನ್ನುವ ಮಿಶ್ರ ಆಯ್ಕೆ ಇಡಿ. ಆ ಮಿಶ್ರ ಆಯ್ಕೆಯಲ್ಲಿ ಹಳೆಯ ಪ್ರಿಂಟರ್ ಅಥವಾ ಹಳೆಯ ಲ್ಯಾಪ್‌ಟಾಪ್ ತಕರಾರು ತೆಗೆದರೆ ಡಬ್ಲ್ಯುಪಿಎ2-ಪಿಎಸ್‌ಕೆ ಸಾಕು. ಎನ್‌ಕ್ರಿಪ್ಷನ್ ವಿಧಾನ ಯಾವುದು ಅಂತ ಬೇರೆ ಕೇಳಿದರೆ ಎಇಎಸ್ ಮಾತ್ರ ಆರಿಸಿ. ಇನ್ನೊಂದು ವಿಧಾನವಾದ ಟಿಕೆಐಪಿ ಹಳೆಯದು, ಸುರಕ್ಷಿತವೂ ಅಲ್ಲ. ಅದನ್ನು ಇಟ್ಟರೆ ವೇಗ 54 ಎಂಬಿಪಿಎಸ್ ಮಟ್ಟಕ್ಕೆ ಇಳಿಯುತ್ತೆ. 100 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿ, ಲ್ಯಾಪ್‌ಟಾಪ್‌ನಲ್ಲಿ ಯಾಕೋ ನಿಧಾನ ಅಂತ ಗೊಣಗುವ ಕೆಲವು ಮನೆಗಳಲ್ಲಿ ಕಾರಣ ಇದೇ ಇರಬಹುದು. ಒಮ್ಮೆ ನೋಡಿ.

ಅದೇ ಪುಟದಲ್ಲಿ ಡಬ್ಲ್ಯುಪಿಎಸ್ ಅಂತ ಇನ್ನೊಂದು ಸ್ವಿಚ್ ಕಾಣುತ್ತೆ. ಪಾಸ್‌ವರ್ಡ್ ಟೈಪ್ ಮಾಡದೆ, ಬಟನ್ ಒತ್ತಿ ಅಥವಾ 8 ಅಂಕಿಯ ಪಿನ್ ಹಾಕಿ ಸೇರಿಕೊಳ್ಳುವ ವ್ಯವಸ್ಥೆ ಅದು. 8 ಅಂಕಿ ಅಂದರೆ ಕೋಟಿಗಟ್ಟಲೆ ಸಾಧ್ಯತೆ ಅಂತ ಅನ್ನಿಸುತ್ತೆ ಅಲ್ವಾ? ಆದರೆ ರೂಟರ್ ಮೊದಲ ನಾಲ್ಕು ಅಂಕಿ ಸರಿಯೇ ಅಂತ ಬೇರೆಯಾಗಿ ಹೇಳಿಬಿಡುತ್ತೆ, ಕೊನೆಯ ಅಂಕಿ ಬರೀ ತಾಳೆ ನೋಡುವುದಕ್ಕೆ. ಹಾಗಾಗಿ 10,000 ಮತ್ತು 1,000, ಒಟ್ಟು 11,000 ಪ್ರಯತ್ನದಲ್ಲಿ ಪಿನ್ ಸಿಕ್ಕಿಬಿಡುತ್ತೆ. 2011ರಲ್ಲಿ ಇದು ಬಹಿರಂಗವಾಯಿತು. ಡಬ್ಲ್ಯುಪಿಎಸ್ ಆಫ್ ಮಾಡಿ.

ಕೊನೆಗೆ ರೂಟರ್ ಪುಟದ ಲಾಗಿನ್ ಪಾಸ್‌ವರ್ಡ್ ಬದಲಿಸಿ. ಇದು ವೈ-ಫೈ ಪಾಸ್‌ವರ್ಡ್‌ಗಿಂತ ಬೇರೆ. ಆ ಪುಟದ ಯೂಸರ್ ನೇಮ್, ಪಾಸ್‌ವರ್ಡ್ ಎರಡನ್ನೂ 'ಅಡ್ಮಿನ್' ಅಂತಲೇ ಬಿಟ್ಟಿದ್ದರೆ, ನಿಮ್ಮ ವೈ-ಫೈಗೆ ಬಂದವರು ಯಾರು ಬೇಕಾದರೂ ಎಲ್ಲ ಸೆಟ್ಟಿಂಗ್ ಬದಲಿಸಬಹುದು.

ಪಾಸ್‌ವರ್ಡ್ ಆಗಿ ಫೋನ್ ನಂಬರ್ ಬೇಡ

ಈ ಭಾಗವನ್ನು ನಿಧಾನವಾಗಿ ಓದಿ. ನಮ್ಮ ಕಡೆ ವೈ-ಫೈ ಪಾಸ್‌ವರ್ಡ್ ಅಂದರೆ ಮನೆ ಯಜಮಾನರ ಮೊಬೈಲ್ ನಂಬರ್. ನೆನಪಿಟ್ಟುಕೊಳ್ಳಲು ಸುಲಭ, ನೆಂಟರಿಗೆ ಹೇಳಲೂ ಸುಲಭ. ತೊಂದರೆ ಇರುವುದು ಅಲ್ಲೇ.

ಡಬ್ಲ್ಯುಪಿಎ2ನಲ್ಲಿ ಆ ನಾಲ್ಕು ಸಂದೇಶಗಳನ್ನು ಹೊರಗೆ ಕೂತವರು ರೆಕಾರ್ಡ್ ಮಾಡಿಕೊಳ್ಳಬಹುದು. ಆಮೇಲೆ ತಮ್ಮ ಮನೆಗೆ ಹೋಗಿ, ಒಂದೊಂದೇ ಪಾಸ್‌ವರ್ಡ್ ಊಹಿಸಿ, ಅದು ಆ ಸಂದೇಶಕ್ಕೆ ಹೊಂದುತ್ತದೆಯೇ ಅಂತ ಕಂಪ್ಯೂಟರ್‌ನಲ್ಲಿ ತಾಳೆ ನೋಡಬಹುದು. ನಿಮ್ಮ ರೂಟರ್‌ಗೆ ಇದರ ಸುಳಿವೂ ಸಿಗುವುದಿಲ್ಲ. ನಮ್ಮ ಮೊಬೈಲ್ ನಂಬರ್ 10 ಅಂಕಿ, ಮೊದಲನೆಯದು 6ರಿಂದ 9ರ ಒಳಗೆ. ಅಂದರೆ ಒಟ್ಟು 400 ಕೋಟಿ ನಂಬರ್. ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಜಾಸ್ತಿ ಊಹೆ ಪರೀಕ್ಷಿಸುತ್ತೆ. ಲೆಕ್ಕ ಹಾಕಿ: 4,000 ಸೆಕೆಂಡ್, ಒಂದು ಗಂಟೆ ಚಿಲ್ಲರೆ. ಅಷ್ಟರಲ್ಲಿ ದೇಶದ ಎಲ್ಲ ಮೊಬೈಲ್ ನಂಬರ್ ಮುಗಿಯುತ್ತೆ. ಹುಟ್ಟಿದ ದಿನಾಂಕವನ್ನು 8 ಅಂಕಿಯಲ್ಲಿ ಇಟ್ಟಿದ್ದರಂತೂ, ನೂರು ವರ್ಷದ ದಿನಗಳೆಲ್ಲ ಸೇರಿ 36,500 ಚಿಲ್ಲರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತೆ.

ಡಬ್ಲ್ಯುಪಿಎ3 ಈ ರೀತಿ ಮನೆಗೆ ಒಯ್ದು ಊಹಿಸುವುದನ್ನೇ ತಡೆಯುತ್ತೆ. ಪ್ರತಿ ಊಹೆಗೂ ರೂಟರ್ ಎದುರಿಗೇ ಬರಬೇಕು. ಆದರೆ ಮಿಶ್ರ ಆಯ್ಕೆ ಇಟ್ಟಿರುವಷ್ಟು ದಿನ ಡಬ್ಲ್ಯುಪಿಎ2 ಬಾಗಿಲೂ ತೆರೆದೇ ಇರುತ್ತೆ. ಹಾಗಾಗಿ ಪಾಸ್‌ವರ್ಡ್ ಗಟ್ಟಿ ಇರಲೇಬೇಕು.

ಗಟ್ಟಿ ಅಂದರೆ ತಲೆಬುಡ ಇಲ್ಲದ ಚಿಹ್ನೆಗಳ ಸಾಲು ಬೇಕಿಲ್ಲ. ಒಂದಕ್ಕೊಂದು ಸಂಬಂಧ ಇಲ್ಲದ ಐದು ಪದ ಸಾಕು. ಒಂದು ನಿಘಂಟು ತೆಗೆದು, ಎಲ್ಲೆಂದರಲ್ಲಿ ಐದು ಪುಟ ತೆರೆದು, ಬೆರಳಿಗೆ ಸಿಕ್ಕ ಪದ ಬರೆದುಕೊಳ್ಳಿ. ಗುದ್ದಲಿ, ಮಜ್ಜಿಗೆ, ತಾಮ್ರ, ಕೊಡೆ, ಸೋಮವಾರ, ಹೀಗೆ. ಇದೇ ಐದನ್ನು ಇಡಬೇಡಿ, ನಿಮ್ಮದೇ ಹುಡುಕಿ. ತಲೆಯಿಂದ ಯೋಚಿಸಿ ಆರಿಸಿದರೆ ಎಲ್ಲರಿಗೂ ಹೊಳೆಯುವ ಪದಗಳೇ ಬರುತ್ತವೆ, ಅದಕ್ಕೇ ನಿಘಂಟು. ಸುಮಾರು 7,800 ಪದಗಳ ಪಟ್ಟಿಯಿಂದ ಹೀಗೆ ನಾಲ್ಕೇ ಪದ ಆರಿಸಿದರೂ, ಸೆಕೆಂಡಿಗೆ 10 ಲಕ್ಷ ಊಹೆಯ ಲೆಕ್ಕದಲ್ಲಿ ಎಲ್ಲ ಜೋಡಣೆ ಪರೀಕ್ಷಿಸಲು ನೂರು ವರ್ಷಕ್ಕಿಂತ ಜಾಸ್ತಿ ಬೇಕು. ಐದನೆಯ ಪದ ಸೇರಿದರೆ ಅದರ ಸಾವಿರಾರು ಪಟ್ಟು.

ಪಾಸ್‌ವರ್ಡ್ 8ರಿಂದ 63 ಅಕ್ಷರದೊಳಗೆ ಇರಬೇಕು. ಕನ್ನಡ ಲಿಪಿ ನಡೆಯುವುದಿಲ್ಲ, ಇಂಗ್ಲಿಷ್ ಕೀಬೋರ್ಡಿನ ಅಕ್ಷರಗಳೇ ಬೇಕು. ಹಾಗಾಗಿ ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಸ್ಪೆಲ್ಲಿಂಗ್ ಮೊದಲೇ ನಿಗದಿ ಮಾಡಿ. ಮಜ್ಜಿಗೆಗೆ ಒಂದು ಜೆ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ಗುದ್ದಲಿಯ ಡಿ ಎಷ್ಟು ಅನ್ನುವುದರ ಮೇಲೂ ಜಗಳ ಬರುತ್ತೆ. ಎಲ್ಲ ಸಣ್ಣ ಅಕ್ಷರದಲ್ಲೇ ಇಡಿ, ಪದಗಳ ಮಧ್ಯೆ ಸಣ್ಣ ಗೆರೆ ಹಾಕಿ. ಟಿವಿ ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುವಾಗ ಇದರ ಬೆಲೆ ಗೊತ್ತಾಗುತ್ತೆ. ಆಮೇಲೆ ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಬೀರುವಿನಲ್ಲಿ ಇಡಿ. ಮನೆಯೊಳಗೆ ಬರೆದಿಟ್ಟರೆ ತಪ್ಪಿಲ್ಲ. ಹಾಲ್‌ನ ಗೋಡೆಗೆ ಅಂಟಿಸುವುದು ಬೇಡ.

ವೈ-ಫೈ ಹೆಸರನ್ನೂ ಬದಲಿಸಿ. ಹೆಸರೂ ಕೀ ಲೆಕ್ಕದಲ್ಲಿ ಸೇರುತ್ತೆ ಅಂತ ಆಗಲೇ ಹೇಳಿದೆ. ಎಲ್ಲರ ಮನೆಯಲ್ಲೂ ಇರುವ ಕಂಪನಿಯ ಮೂಲ ಹೆಸರಿಗಿಂತ ನಿಮ್ಮದೇ ಒಂದು ಹೆಸರು ಒಳ್ಳೆಯದು. ಮನೆ ನಂಬರ್, ಯಜಮಾನರ ಹೆಸರು ಬೇಡ. ಹೆಸರಿಗೆ ಕನ್ನಡ ಲಿಪಿ ಹಾಕಬಹುದು. ಆದರೆ ಒಟ್ಟು ಮಿತಿ 32 ಬೈಟ್, ಕನ್ನಡದ ಪ್ರತಿ ಅಕ್ಷರಕ್ಕೂ ಗುಣಿತಕ್ಕೂ 3 ಬೈಟ್ ಹೋಗುತ್ತೆ. ಹತ್ತು ಚಿಹ್ನೆಗೆ ಜಾಗ ಮುಗಿಯುತ್ತೆ. ಕೆಲವು ಹಳೆಯ ಸಾಧನಗಳಲ್ಲಿ ಅದು ಅರ್ಥವಾಗದ ಚಿಹ್ನೆಗಳಾಗಿ ಕಾಣುವುದೂ ಉಂಟು.

ಹೆಸರು, ಪಾಸ್‌ವರ್ಡ್ ಬದಲಿಸಿದ ಮೇಲೆ ಮನೆಯ ಎಲ್ಲ ಸಾಧನಕ್ಕೂ ಹೊಸದನ್ನು ಹಾಕಬೇಕು: ಟಿವಿ, ಸಿಸಿ ಕ್ಯಾಮೆರಾ, ಎಲ್ಲರ ಫೋನು. ಭಾನುವಾರ ಬಿಡುವಾಗಿ ಮಾಡಿ. ಮುಂದೆ ರೂಟರ್ ಹೊಸದು ತಂದರೆ ಇದೇ ಹೆಸರು, ಇದೇ ಪಾಸ್‌ವರ್ಡ್, ಇದೇ ಸೆಕ್ಯುರಿಟಿ ಇಡಿ. ಎಲ್ಲ ಸಾಧನಗಳೂ ತಾವಾಗಿಯೇ ಸೇರಿಕೊಳ್ಳುತ್ತವೆ.

ಈಗ ಲ್ಯಾಪ್‌ಟಾಪ್

ವಿಂಡೋಸ್ 11ರಲ್ಲಿ ಹೀಗೆ ಮಾಡಿ.

1. ಪರದೆಯ ಕೆಳಗೆ ಬಲಮೂಲೆಯಲ್ಲಿ ನೆಟ್‌ವರ್ಕ್, ಸ್ಪೀಕರ್, ಬ್ಯಾಟರಿ ಚಿತ್ರಗಳಿರುವ ಜಾಗ ಒತ್ತಿ.
2. ವೈ-ಫೈ ಗುಂಡಿ ಆನ್ ಇದೆಯೇ ನೋಡಿ. ಅದರ ಪಕ್ಕದ ಬಾಣದ ಗುರುತು ಒತ್ತಿದರೆ ಹೆಸರುಗಳ ಪಟ್ಟಿ ಬರುತ್ತೆ.
3. ನಿಮ್ಮ ವೈ-ಫೈ ಹೆಸರು ಆರಿಸಿ. ಪಕ್ಕದಲ್ಲಿ ಬೀಗದ ಚಿತ್ರ ಇರಬೇಕು. ಅದೇ ಹೆಸರು ಬೀಗ ಇಲ್ಲದೆ ಕಂಡರೆ ಸೇರಬೇಡಿ, ಅದು ಬೇರೆಯವರದಾಗಿರಬಹುದು.
4. 'ಕನೆಕ್ಟ್ ಆಟೋಮ್ಯಾಟಿಕಲಿ' ಟಿಕ್ ಮಾಡಿ, 'ಕನೆಕ್ಟ್' ಒತ್ತಿ.
5. 'ಸೆಕ್ಯುರಿಟಿ ಕೀ' ಕೇಳುತ್ತೆ. ವೈ-ಫೈ ಪಾಸ್‌ವರ್ಡ್ ಅಂದರೂ ಅದೇ. ಟೈಪ್ ಮಾಡಿ, ಪಕ್ಕದ ಕಣ್ಣಿನ ಚಿತ್ರ ಒತ್ತಿ ಸರಿಯಾಗಿದೆಯೇ ಓದಿ ನೋಡಿ, 'ನೆಕ್ಸ್ಟ್' ಒತ್ತಿ.

ಹೆಸರಿನ ಕೆಳಗೆ 'ಕನೆಕ್ಟೆಡ್, ಸೆಕ್ಯೂರ್ಡ್' ಅಂತ ಬಂದರೆ ಮುಗಿಯಿತು.

ಪಬ್ಲಿಕ್ ನೆಟ್‌ವರ್ಕ್, ಪ್ರೈವೇಟ್ ನೆಟ್‌ವರ್ಕ್ ಅಂತ ಒಂದು ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತೆ. ಮನೆಯ ಪ್ರಿಂಟರ್ ಅಥವಾ ಇನ್ನೊಂದು ಕಂಪ್ಯೂಟರ್ ಜೊತೆ ಫೈಲ್ ಹಂಚಿಕೊಳ್ಳಬೇಕಿದ್ದರೆ ಮಾತ್ರ ಪ್ರೈವೇಟ್. ಇಲ್ಲದಿದ್ದರೆ ಪಬ್ಲಿಕ್ ಅಂತಲೇ ಇರಲಿ. ಪಬ್ಲಿಕ್ ಅಂದಾಗ ನಿಮ್ಮ ಲ್ಯಾಪ್‌ಟಾಪ್ ಬೇರೆ ಸಾಧನಗಳ ಕಣ್ಣಿಗೆ ಬೀಳದೆ ಇರುತ್ತೆ, ಅದೇ ಸುರಕ್ಷಿತ.

ಮ್ಯಾಕ್‌ನಲ್ಲಿ ಪರದೆಯ ಮೇಲ್ಭಾಗದ ವೈ-ಫೈ ಚಿತ್ರ ಒತ್ತಿ, ಹೆಸರು ಆರಿಸಿ, ಪಾಸ್‌ವರ್ಡ್ ಕೊಡಿ. ಅಷ್ಟೇ.

ವಿಂಡೋಸ್ ಬದಲು ಉಬುಂಟು ಹಾಕಿದ್ದರೆ, ಅದರಲ್ಲಿ ಮೇಲಿನ ಬಲಮೂಲೆಯಿಂದ ಇದೇ ಕೆಲಸ. ಅಲ್ಲಿ ಬರುವ ಮುಖ್ಯ ತೊಡಕು ಬೇರೆ. ಕೆಲವು ಲ್ಯಾಪ್‌ಟಾಪ್‌ಗಳ ವೈ-ಫೈ ಚಿಪ್‌ಗೆ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಮೊದಲಿಗೇ ಬಂದಿರುವುದಿಲ್ಲ, ಹಾಗಾಗಿ ವೈ-ಫೈ ಆಯ್ಕೆಯೇ ಕಾಣುವುದಿಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಇದಕ್ಕೆ ನಿಮ್ಮ ಆಂಡ್ರಾಯ್ಡ್ ಫೋನೇ ಪರಿಹಾರ. ಚಾರ್ಜಿಂಗ್ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಲ್ಯಾಪ್‌ಟಾಪ್‌ಗೆ ಕೇಬಲ್ ಮೂಲಕ ಇಂಟರ್ನೆಟ್ ಸಿಗುತ್ತೆ. 'ಅಡಿಷನಲ್ ಡ್ರೈವರ್ಸ್' ತೆರೆದು ಬೇಕಾದ್ದನ್ನು ಹಾಕಿಕೊಳ್ಳಿ. ವಿಂಡೋಸ್ ಹೊಸದಾಗಿ ಹಾಕಿದ ಲ್ಯಾಪ್‌ಟಾಪ್‌ಗೂ ಇದೇ ಉಪಾಯ ನಡೆಯುತ್ತೆ.

ಪಾಸ್‌ವರ್ಡ್ ಮರೆತಿದ್ದರೆ ಈಗಾಗಲೇ ಕನೆಕ್ಟ್ ಆಗಿರುವ ಫೋನ್ ಕೇಳಿ. ಆಂಡ್ರಾಯ್ಡ್‌ನಲ್ಲಿ ವೈ-ಫೈ ಹೆಸರು ಒತ್ತಿ 'ಶೇರ್' ಕೊಟ್ಟರೆ ಕ್ಯೂಆರ್ ಕೋಡ್ ಬರುತ್ತೆ, ಅದರ ಕೆಳಗೆ ಬಹಳಷ್ಟು ಫೋನ್‌ಗಳಲ್ಲಿ ಪಾಸ್‌ವರ್ಡ್ ಅಕ್ಷರದಲ್ಲೇ ಇರುತ್ತೆ.

ಆಗಲಿಲ್ಲವೇ? ಯಾವ ಹಂತದಲ್ಲಿ ನಿಂತಿದೆ ನೋಡಿ

ಮೊದಲು ಒಂದು ಪರೀಕ್ಷೆ. ಅದೇ ವೈ-ಫೈನಲ್ಲಿ, ಮೊಬೈಲ್ ಡೇಟಾ ಆಫ್ ಮಾಡಿ, ಫೋನ್‌ನಲ್ಲಿ ಇಂಟರ್ನೆಟ್ ಬರುತ್ತದೆಯೇ ನೋಡಿ. ಬಂದರೆ ತೊಂದರೆ ಲ್ಯಾಪ್‌ಟಾಪ್ ಕಡೆ. ಬರದಿದ್ದರೆ ರೂಟರ್ ಅಥವಾ ಲೈನ್ ಕಡೆ. ಅರ್ಧ ತಲೆನೋವು ಇಲ್ಲಿಗೇ ಕಳೆಯುತ್ತೆ.

*ಹೆಸರೇ ಕಾಣುತ್ತಿಲ್ಲ.* ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕದಲ್ಲೋ ಮುಂದೋ ಒಂದು ಸಣ್ಣ ವೈ-ಫೈ ಸ್ವಿಚ್ ಇರುತ್ತೆ, ಬ್ಯಾಗಿನಲ್ಲಿ ತಗುಲಿ ಆಫ್ ಆಗಿಬಿಡುತ್ತೆ. ಕೆಲವದರಲ್ಲಿ ಮೇಲಿನ ಸಾಲಿನ ಆಂಟೆನಾ ಚಿತ್ರದ ಕೀ ಒತ್ತಬೇಕು. ಬೇರೆಯವರ ಹೆಸರೆಲ್ಲ ಕಂಡು ನಿಮ್ಮದು ಮಾತ್ರ ಕಾಣದಿದ್ದರೆ ವೈ-ಫೈನ ಎರಡು ರೇಡಿಯೋ ಪಟ್ಟಿಗಳಾದ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ರೂಟರ್ 5ರಲ್ಲಿ ಮಾತ್ರ ಇರಬಹುದು, ನಿಮ್ಮ ಹಳೇ ಲ್ಯಾಪ್‌ಟಾಪ್ 2.4 ಮಾತ್ರ ಕೇಳಬಹುದು. ರೂಟರ್‌ನಲ್ಲಿ ಎರಡೂ ಆನ್ ಮಾಡಿ. ಕರೆಂಟ್ ಹೋಗಿ ಬಂದಿದ್ದರೆ ಎರಡು ಮೂರು ನಿಮಿಷ ಕಾಯಿರಿ, ರೂಟರ್ ಎದ್ದು ಕೂರಲು ಅಷ್ಟು ಹೊತ್ತು ಬೇಕು.

ಹೆಸರು ಬಂದು ಹೋಗಿ ಮಾಡುತ್ತಿದ್ದರೆ ಗೋಡೆ ನೋಡಿ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಮ್ಮಿ. ತಿಪಟೂರು ಕಡೆಯ ಹಳೇ ಮನೆಗಳಲ್ಲಿ ಗೋಡೆ ದಪ್ಪ. ಅದರ ಮೇಲೆ ಕೊಬ್ಬರಿಗೆಂದು ಅಟ್ಟದ ತುಂಬ ಕಾಯಿ ಹಾಕಿರುತ್ತಾರೆ, ಉಂಡೆ ಕೊಬ್ಬರಿ ಆಗಲು ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ನೀರು ಈ ರೇಡಿಯೋ ಅಲೆಗಳನ್ನು ಹೀರುತ್ತೆ. ನೀರು ತುಂಬಿದ ಕಾಯಿ ರಾಶಿಯಾಗಲಿ, ಮೇಲಿನ ಸಿಂಟೆಕ್ಸ್ ಟ್ಯಾಂಕಾಗಲಿ ರೂಟರ್‌ಗೂ ನಿಮಗೂ ಮಧ್ಯೆ ಬಂದರೆ ಸಿಗ್ನಲ್ ಸೊರಗುತ್ತೆ. ರೂಟರನ್ನು ಟಿವಿ ಹಿಂದೆ ಬಚ್ಚಿಡದೆ, ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ ಇಡಿ. ದೂರದ ಕೋಣೆಯ ಲ್ಯಾಪ್‌ಟಾಪ್ 2.4ಕ್ಕೆ ಸೇರಲಿ. ಅಕ್ಕಪಕ್ಕ ತುಂಬ ರೂಟರ್ ಇದ್ದರೆ 2.4ರಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಿ. ಅವು ಒಂದರ ಮೇಲೊಂದು ಬೀಳುವುದಿಲ್ಲ.

*ಪಾಸ್‌ವರ್ಡ್ ಒಪ್ಪುತ್ತಿಲ್ಲ.* ಕ್ಯಾಪ್ಸ್ ಲಾಕ್ ನೋಡಿ. ಆಮೇಲೆ ಕೀಬೋರ್ಡ್ ಭಾಷೆ ನೋಡಿ. ಕನ್ನಡ ಟೈಪ್ ಮಾಡುವವರಿಗೆ ಇದು ತುಂಬ ಸಲ ಆಗುತ್ತೆ: ನುಡಿಯೋ ಬರಹವೋ ವಿಂಡೋಸಿನ ಕನ್ನಡ ಕೀಬೋರ್ಡೋ ಆನ್ ಇರುತ್ತೆ, ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿ ಕಾಣುವುದರಿಂದ ಗೊತ್ತಾಗುವುದಿಲ್ಲ. ಕಣ್ಣಿನ ಚಿತ್ರ ಒತ್ತಿ ನೋಡಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತೆ. ಸ್ಟಿಕ್ಕರ್‌ನಿಂದ ನೋಡಿ ಹಾಕುತ್ತಿದ್ದರೆ ಸೊನ್ನೆ ಮತ್ತು ಓ, ಒಂದು ಮತ್ತು ಸಣ್ಣ ಎಲ್ ಅದಲು ಬದಲಾಗಿರಬಹುದು.

ಮೊದಲು ಕನೆಕ್ಟ್ ಆಗುತ್ತಿದ್ದು ಈಗ ಆಗದಿದ್ದರೆ ಲ್ಯಾಪ್‌ಟಾಪ್ ಹಳೆಯ ಪಾಸ್‌ವರ್ಡನ್ನೇ ಹಿಡಿದು ಕೂತಿರುತ್ತೆ. ಸೆಟ್ಟಿಂಗ್ಸ್, 'ನೆಟ್‌ವರ್ಕ್ ಅಂಡ್ ಇಂಟರ್ನೆಟ್', 'ವೈ-ಫೈ', 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್'ಗೆ ಹೋಗಿ ಆ ಹೆಸರಿನ ಪಕ್ಕ 'ಫರ್ಗೆಟ್' ಒತ್ತಿ. ಮತ್ತೆ ಮೊದಲಿಂದ ಸೇರಿ. ಪಾಸ್‌ವರ್ಡ್ ಖಂಡಿತ ಸರಿ ಇದ್ದೂ ಹಳೆಯ ಲ್ಯಾಪ್‌ಟಾಪ್ ಒಪ್ಪದಿದ್ದರೆ, ರೂಟರ್‌ನಲ್ಲಿ ಡಬ್ಲ್ಯುಪಿಎ3 ಮಾತ್ರ ಇದೆಯೇ ನೋಡಿ. ವಿಂಡೋಸ್ 7 ಅದನ್ನು ಅರಿಯದು, ವಿಂಡೋಸ್ 10 ಕೂಡ 2019ರ ಅಪ್‌ಡೇಟ್‌ನಿಂದ ಈಚೆಗೆ ಮಾತ್ರ. ಡಬ್ಲ್ಯುಪಿಎ2 ಮಟ್ಟಕ್ಕೆ ಇಳಿಯಿರಿ, ಅದರ ಕೆಳಗೆ ಇಳಿಯಬೇಡಿ.

*ಸೇರಿತು, ಆದರೆ ಅಡ್ರೆಸ್ ಸಿಗಲಿಲ್ಲ.* ಅದೇ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ವೈ-ಫೈ ಪ್ರಾಪರ್ಟೀಸ್ ತೆರೆದು ಐಪಿವಿ4 ಅಡ್ರೆಸ್ ನೋಡಿ. 192.168ರಿಂದ ಶುರುವಾದರೆ ಸಾಮಾನ್ಯವಾಗಿ ಸರಿ ಇದೆ. 169.254ರಿಂದ ಶುರುವಾಗಿದ್ದರೆ ರೂಟರ್ ಅಡ್ರೆಸ್ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ. 'ಐಪಿ ಅಸೈನ್‌ಮೆಂಟ್' ಅನ್ನುವಲ್ಲಿ 'ಆಟೋಮ್ಯಾಟಿಕ್' ಇರಬೇಕು. ಆಫೀಸಿನಲ್ಲಿ ಬಳಸಿ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಕೈಯಾರೆ ಹಾಕಿದ ಅಡ್ರೆಸ್ ಉಳಿದಿರುತ್ತೆ. ಅದು ಸರಿ ಇದ್ದರೆ ರೂಟರ್ ಒಮ್ಮೆ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ರೂಟರ್‌ನಲ್ಲಿ 'ಮ್ಯಾಕ್ ಫಿಲ್ಟರ್' (ಪಟ್ಟಿಯಲ್ಲಿ ಇರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವ ವ್ಯವಸ್ಥೆ, ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧ ಇಲ್ಲ) ಹಾಕಿದ್ದರೆ ಹೊಸ ಲ್ಯಾಪ್‌ಟಾಪ್ ಆ ಪಟ್ಟಿಯಲ್ಲಿ ಇಲ್ಲದೆ ಹೊರಗೆ ನಿಂತಿರಬಹುದು. ಈ ಫಿಲ್ಟರ್‌ನಿಂದ ರಕ್ಷಣೆ ಅಷ್ಟಕ್ಕಷ್ಟೇ, ಸುಮ್ನೆ ತೊಂದರೆ ಜಾಸ್ತಿ. ಪಾಸ್‌ವರ್ಡ್ ಗಟ್ಟಿ ಇದ್ದರೆ ತೆಗೆದುಬಿಡಿ.

*ಎಲ್ಲ ಸರಿ, ಆದರೆ 'ನೋ ಇಂಟರ್ನೆಟ್'.* ರೂಟರ್‌ನಲ್ಲಿ 'ಎಲ್ಒಎಸ್' ಅಂತ ಬರೆದಿರುವ ದೀಪ ಕೆಂಪಗೆ ಉರಿಯುತ್ತಿದ್ದರೆ ಫೈಬರ್ ಎಲ್ಲೋ ಕಟ್ಟಾಗಿದೆ ಅಥವಾ ಕೇಬಲ್ ಸಡಿಲವಾಗಿದೆ. ಕೇಬಲ್ ಆಪರೇಟರ್‌ಗೆ ಫೋನ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಏನು ಮಾಡಿದರೂ ಪ್ರಯೋಜನ ಇಲ್ಲ. ಫೈಬರ್ ತುದಿಯನ್ನು ನೀವೇ ಕಿತ್ತು ಒಳಗೆ ಇಣುಕಬೇಡಿ, ಕಣ್ಣಿಗೆ ಕಾಣದ ಲೇಸರ್ ಅದು. ದೀಪ ಸರಿ ಇದ್ದರೆ ಪ್ಲಾನ್ ಮುಗಿದಿದೆಯೇ ನೋಡಿ. ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್ (ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸಾಫ್ಟ್‌ವೇರ್) ಆಫ್ ಮಾಡಿ ನೋಡಿ. ಎಲ್ಲ ವೆಬ್‌ಸೈಟೂ 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಅಂದರೆ ಲ್ಯಾಪ್‌ಟಾಪ್‌ನ ದಿನಾಂಕ ತಪ್ಪಾಗಿರಬಹುದು. ತುಂಬ ದಿನ ಮೂಲೆಯಲ್ಲಿ ಇಟ್ಟಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತೆ.

ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ವಿಂಡೋಸ್‌ನಲ್ಲಿ 'ನೆಟ್‌ವರ್ಕ್ ರೀಸೆಟ್' ಇದೆ. ಅದು ಉಳಿಸಿಟ್ಟ ಎಲ್ಲ ವೈ-ಫೈ ಹೆಸರು, ವಿಪಿಎನ್ ಸೆಟ್ಟಿಂಗ್ ಅಳಿಸಿಬಿಡುತ್ತೆ, ಅದಕ್ಕೇ ಕೊನೆಯಲ್ಲಿ ಇಟ್ಟಿದ್ದೇನೆ.

ಮೇಲಿನ ಮನೆಯವರು ಕೇಳಿದಾಗ

ಕೆಳಗೆ ಓನರ್, ಮೇಲೆ ಬಾಡಿಗೆಯವರು ಇರುವ ಮನೆ ತುಮಕೂರಿನಲ್ಲಿ ಎಷ್ಟೋ. ಕಾಲೇಜಿಗೆಂದು ಬಂದು ರೂಮು ಮಾಡಿಕೊಂಡ ಹುಡುಗರು "ಆಂಟಿ, ಅಸೈನ್‌ಮೆಂಟ್ ಇದೆ, ವೈ-ಫೈ ಪಾಸ್‌ವರ್ಡ್ ಹೇಳ್ತೀರಾ" ಅಂತ ಕೇಳಿದರೆ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಕೊಡಿ, ಆದರೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಡಬ್ಲ್ಯುಪಿಎ2ನಲ್ಲಿ ಪಾಸ್‌ವರ್ಡ್ ಗೊತ್ತಿರುವವರು, ನೀವು ಕನೆಕ್ಟ್ ಆಗುವ ಹೊತ್ತಿನ ಸಂದೇಶಗಳನ್ನು ಹಿಡಿದರೆ ನಿಮ್ಮ ವೈ-ಫೈ ಮಾತುಕತೆಯನ್ನು ಬಿಡಿಸಿಕೊಳ್ಳಬಹುದು. ಬ್ಯಾಂಕ್ ಪುಟಕ್ಕೆ ಎಚ್‌ಟಿಟಿಪಿಎಸ್ ಕಾವಲು ಇದ್ದೇ ಇರುತ್ತೆ, ಆದರೂ ಒಂದು ಗೋಡೆ ಕಮ್ಮಿಯಾದಂತೆ.

ಬಹಳಷ್ಟು ರೂಟರ್‌ಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಇದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಡಿ. ಇದಕ್ಕೂ ಡಬ್ಲ್ಯುಪಿಎ2 ಅಥವಾ 3 ಬೀಗ ಇರಲೇಬೇಕು. ಗೆಸ್ಟ್‌ನಲ್ಲಿ ಇರುವವರಿಗೆ ನಿಮ್ಮ ಮನೆಯ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಕಾಣದಂತೆ ಮಾಡುವ ಆಯ್ಕೆ ಅಲ್ಲೇ ಇರುತ್ತೆ, ಅದನ್ನು ಆನ್ ಮಾಡಿ. ನೆಂಟರಿಗೂ ಇದನ್ನೇ ಕೊಡಿ. ಬಾಡಿಗೆಯವರು ಮನೆ ಖಾಲಿ ಮಾಡಿದ ದಿನ ಗೆಸ್ಟ್ ಪಾಸ್‌ವರ್ಡ್ ಬದಲಿಸಿದರೆ ಸಾಕು, ನಿಮ್ಮ ಟಿವಿ, ಕ್ಯಾಮೆರಾ ಯಾವುದನ್ನೂ ಮುಟ್ಟಬೇಕಿಲ್ಲ.

ಅಪ್‌ಡೇಟ್‌ಗಳನ್ನು ಮುಂದೂಡಬೇಡಿ. 2017ರಲ್ಲಿ ಡಬ್ಲ್ಯುಪಿಎ2ರ ಆ ನಾಲ್ಕು ಸಂದೇಶಗಳ ವಿನಿಮಯದಲ್ಲೇ 'ಕ್ರ್ಯಾಕ್' ಅನ್ನುವ ಲೋಪ ಸಿಕ್ಕಿತು. ಅದಕ್ಕೆ ಪರಿಹಾರ ಬಂದದ್ದು ಲ್ಯಾಪ್‌ಟಾಪ್, ಫೋನ್, ರೂಟರ್‌ಗಳ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕವೇ, ಪಾಸ್‌ವರ್ಡ್ ಬದಲಿಸುವುದರಿಂದ ಅದು ಸರಿಹೋಗುತ್ತಿರಲಿಲ್ಲ. ರೂಟರ್ ಪುಟದಲ್ಲಿ 'ಫರ್ಮ್‌ವೇರ್' (ರೂಟರ್ ಒಳಗಿನ ಸಾಫ್ಟ್‌ವೇರ್) ಅನ್ನುವ ಜಾಗ ಇದ್ದರೆ ಕೆಲವು ತಿಂಗಳಿಗೊಮ್ಮೆ ನೋಡಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ರೂಟರ್ ಕೆಡಬಹುದು, ಹಾಗಾಗಿ ಯುಪಿಎಸ್ ಮೇಲೆ ಇಟ್ಟು ಮಾಡಿ.

ಹಳೆಯ ಲ್ಯಾಪ್‌ಟಾಪ್ ಮಾರುವಾಗ ಅಥವಾ ತಮ್ಮನಿಗೋ ತಂಗಿಗೋ ಕೊಡುವಾಗ ವಿಂಡೋಸ್ ರೀಸೆಟ್ ಮಾಡಿ ಕೊಡಿ. ಅಷ್ಟು ಪುರಸೊತ್ತು ಇಲ್ಲದಿದ್ದರೆ ಕಡೇಪಕ್ಷ ಉಳಿಸಿಟ್ಟ ವೈ-ಫೈ ಹೆಸರುಗಳಿಗೆ 'ಫರ್ಗೆಟ್' ಒತ್ತಿ. ವಿಂಡೋಸ್ 11ರಲ್ಲಿ ವೈ-ಫೈ ಪ್ರಾಪರ್ಟೀಸ್ ಒಳಗೆ 'ವ್ಯೂ ವೈ-ಫೈ ಸೆಕ್ಯುರಿಟಿ ಕೀ' ಅಂತ ಇದೆ, ಒಂದು ಕ್ಲಿಕ್ಕಿಗೆ ನಿಮ್ಮ ಮನೆಯ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಕಾಣಿಸುತ್ತೆ. ರಿಪೇರಿಗೆ ಅಂಗಡಿಯಲ್ಲಿ ಬಿಟ್ಟು ಬರುವಾಗಲೂ ಇದೇ ಎಚ್ಚರಿಕೆ ಬೇಕು.